ಎರಡು ಬೆರಳು ಕಡಿಮೆ

ನಮ್ಮ ಬೀದಿಯಲ್ಲಿ ನೆಟ್ಟಗೆ ನಡೆಯುವವರೇ ಕಡಿಮೆ.
ಅಜ್ಜಿ ಬಲಕ್ಕೆ ವಾಲುತ್ತಿದ್ದಳು, ಅವಳ ತಂಗಿ ಎಡಕ್ಕೆ;
ಭಾನುವಾರ ಇಬ್ಬರೂ ಚರ್ಚಿಗೆ ಹೊರಟರೆ
ಗೋಪುರದಂಥ ಕಸೂತಿ ಟೊಪ್ಪಿಗೆಗಳೆರಡೂ
ಹತ್ತಿರ ಬಂದು, ದೂರ ಸರಿದು, ಮತ್ತೆ ಹತ್ತಿರ ಬಂದು
ದಾರಿಯುದ್ದಕ್ಕೂ ಗುಟ್ಟು ಹೇಳಿಕೊಳ್ಳುತ್ತಿದ್ದವು.
ಇದು ನಮ್ಮ ಮನೆತನದ ನಡಿಗೆ ಕೊರೆಂಟೀನ್, ಎನ್ನುತ್ತಿದ್ದಳು ಅಜ್ಜಿ,
ಮೂಗು ನಮ್ಮದು, ಸಾಲ ನಮ್ಮದು ಎಂಬಂತೆ.

ನಾನು ಹುಟ್ಟಿದ ವರ್ಷ
ಗಿಲ್ವಿನೆಕ್ ಬಂದರಿನಲ್ಲಿ ಸಾರ್ಡೀನು ಸುರಿದಿತ್ತಂತೆ.
ಕೆಂಪೇರಿನ ಡಾಕ್ಟರು ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು
ನೋಡಮ್ಮ, ಬಟ್ಟಲಿಗೆ ಆಳವಿಲ್ಲ, ತಟ್ಟೆಯ ಹಾಗಿದೆ,
ಚೆಂಡು ನಿಲ್ಲುವುದೆಲ್ಲಿ? ಎಂದರಂತೆ.
ಅಮ್ಮನದು ಬ್ರೆಟನ್ ಮಾತು, ಫ್ರೆಂಚು ಅಷ್ಟಕ್ಕಷ್ಟೆ.
ಬಟ್ಟಲು ಎಂದದ್ದೊಂದೇ ತಿಳಿದು
ಮನೆಗೆ ಬಂದು ಕಪಾಟಿನ ಬಟ್ಟಲುಗಳನ್ನೆಲ್ಲ
ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳಂತೆ
ಸೀಳಿದ್ದು ಯಾವುದು ಎಂದು.

ಆಮೇಲೆ ಗಾರೆ.
ಎದೆಯ ಕೆಳಗಿನಿಂದ ಪಾದದವರೆಗೆ,
ಕಾಲು ಕಪ್ಪೆಯಂತೆ ಅಗಲಿಸಿ, ನಡುವೆ ಅಡ್ಡ ಬಡಿಗೆ.
ಹದಿನಾಲ್ಕು ತಿಂಗಳು.
ಯಾವ ತೊಟ್ಟಿಲೂ ಹಿಡಿಸಲಿಲ್ಲ, ಯಾವ ಸೊಂಟಕ್ಕೂ ಒದಗಲಿಲ್ಲ.
ಅಪ್ಪ ಮೀನಿನ ತಳ್ಳುಗಾಡಿಯನ್ನು ಉಜ್ಜಿ ಉಜ್ಜಿ ತೊಳೆದು
ಹುಲ್ಲು ಹಾಸಿ ನನ್ನನ್ನು ಕೂರಿಸಿ
ಬಂದರಿಗೆ ತಳ್ಳಿಕೊಂಡು ಹೋಗುತ್ತಿದ್ದ.
ಹಿಂದೆ ಬೆಕ್ಕುಗಳು, ಮದುವೆಯ ದಿಬ್ಬಣದ ಹಾಗೆ.

ಇದ್ಯಾವುದೂ ನನಗೆ ನೆನಪಿಲ್ಲ.
ಆದರೂ ಈಗಲೂ ನಿದ್ದೆಯಲ್ಲಿ ಕಾಲು ತಾನಾಗಿ ಅಗಲುತ್ತದೆ.
ಮೈಮರೆತಾಗಲೂ
ಮೈ ಮರೆಯುವುದಿಲ್ಲ.

ಗಾರೆ ಒಡೆದ ಮೇಲೂ ಎಡಗಾಲು ಎರಡು ಬೆರಳು ಕಡಿಮೆ.
ಬೂಟು ಹೊಲಿಯುವ ಮುದುಕ ತಾನ್ಯೂ
ಅಟ್ಟೆಯಡಿಗೆ ಬೆಂಡು ಅಂಟಿಸಿ ಕೊಟ್ಟು
ಹೋಗು, ಇನ್ನು ನೀನು ಮುಳುಗುವುದಿಲ್ಲ ಎಂದ.
ಶಾಲೆಯ ಹುಡುಗರು ಬಾತುಕೋಳಿ ಎಂದರು.
ಅದಕ್ಕೂ ನಕ್ಕೆ. ಬಾತುಕೋಳಿಯೂ ಮುಳುಗುವುದಿಲ್ಲ.

ಹದಿನಾರಕ್ಕೆ ಡಬ್ಬಿ ಕಾರ್ಖಾನೆ.
ಹತ್ತು ತಾಸು ನಿಂತೇ ಮೀನಿನ ತಲೆ ತೆಗೆಯುವುದು,
ತಲೆಗೆ ಬಾಲ ಹೊಂದಿಸಿ, ಬಾಲಕ್ಕೆ ತಲೆ ಹೊಂದಿಸಿ ತುಂಬುವುದು.
ಮೈಯ ಭಾರವನ್ನೆಲ್ಲ ಬಲಗಾಲಿನ ಖಾತೆಗೆ ಬರೆಯುತ್ತಿದ್ದೆ.
ಬಡ್ಡಿ ಎಡಸೊಂಟದಲ್ಲಿ ಬೆಳೆಯುತ್ತಿತ್ತು.
ಮಳೆ ಬರುವ ಹಿಂದಿನ ದಿನವೇ ಸಾಲಗಾರ ಬಂದು ಬಾಗಿಲು ಬಡಿಯುತ್ತಿದ್ದ.
ನಮ್ಮ ಊರಲ್ಲಿ ಮಳೆ ಎಷ್ಟು ದಿನ ಎಂದು ಕೇಳಬೇಡಿ.

ಗೆನೋಲೆ ಕುಣಿಯಲು ಕರೆದಾಗ
ನನ್ನ ಕಾಲು ನೋಡಿದ್ದೀಯಾ ಎಂದೆ.
ದೋಣಿಯ ಮೇಲೆ ನಾವೆಲ್ಲ ನಡೆಯುವುದೇ ಹೀಗೆ ಎಂದ,
ಈ ಗಟ್ಟಿ ನೆಲವೇ ನನಗೆ ತಲೆ ತಿರುಗಿಸುವುದು.
ಅಂಥವನನ್ನು ಮದುವೆಯಾಗದೆ ಇರುವುದು ಹೇಗೆ?
ಕತ್ತಲಲ್ಲಿ ನಾನು ನೀರಿಗೆ ಎದ್ದರೆ
ನಿದ್ದೆಗಣ್ಣಲ್ಲೇ ಹೆಜ್ಜೆ ಎಣಿಸುತ್ತಿದ್ದ:
ಒಂದು ಗುರು, ಒಂದು ಲಘು, ಒಂದು ಗುರು, ಒಂದು ಲಘು.

ಮಗಳು ಹುಟ್ಟಿದಳು. ಮೂರನೆಯ ದಿನ
ಡಾಕ್ಟರಮ್ಮ ಆ ಪುಟ್ಟ ತೊಡೆಗಳನ್ನು ಅಂಗೈಯಲ್ಲಿ ಹಿಡಿದು ಮೆಲ್ಲನೆ ಅಗಲಿಸಿದಳು.
ಕೋಣೆಯಲ್ಲಿ ಉಸಿರಿಲ್ಲ.
ಟಕ್.
ಬೆರಳಿನ ನೆಟಿಗೆಯಷ್ಟೂ ಇಲ್ಲ ಆ ಸದ್ದು.
ಅಜ್ಜಿಯ ಉಂಗುರ ಕೊಟ್ಟಿರಲಿಲ್ಲ ಇನ್ನೂ ಅವಳಿಗೆ;
ಇದನ್ನು ಆಗಲೇ ಕೊಟ್ಟುಬಿಟ್ಟಿದ್ದೆ.
ಅತ್ತೆ. ಡಾಕ್ಟರಮ್ಮ ಮಾತ್ರ ನಗುತ್ತಿದ್ದಳು:
ಬೇಗ ಸಿಕ್ಕಿತಲ್ಲ, ಮೂರು ತಿಂಗಳು ಮೆತ್ತನೆಯ ಪಟ್ಟಿ, ಅಷ್ಟೆ.
ಅಷ್ಟೇ ಆಯಿತು.
ಈಗ ಅವಳು ಮರಳ ದಂಡೆಯಲ್ಲಿ ಓಡುತ್ತಾಳೆ, ಸುಮ್ಮನೆ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ.
ಸಂತೋಷದ ಬುಡದಲ್ಲಿ ಒಂದು ಚೂರು ಹೊಟ್ಟೆಕಿಚ್ಚು.
ಹೇಳಿಬಿಟ್ಟೆ. ಹಗುರಾಯಿತು.

ಐವತ್ತೆಂಟಕ್ಕೆ ನನಗೂ ಹೊಸ ಬಟ್ಟಲು.
ಲೋಹದ್ದು, ಆಳವಾದದ್ದು, ಪಿಂಗಾಣಿಯ ಚೆಂಡು.
ಅಳೆದು ಕಾಲು ಸಮ ಮಾಡಿದ್ದಾರೆ.
ತಾನ್ಯೂವಿನ ಕೊನೆಯ ಜೋಡಿ ಮೆಟ್ಟಿಲ ಕೆಳಗಿದೆ,
ಒಂದು ಎತ್ತರ, ಒಂದು ಗಿಡ್ಡ, ಎಸೆಯಲು ಕೈ ಬರುತ್ತಿಲ್ಲ.

ಊರುಗೋಲು ಬಿಟ್ಟ ಮೊದಲ ರಾತ್ರಿ ನೀರಿಗೆ ಎದ್ದೆ.
ಎರಡೂ ಹೆಜ್ಜೆ ಒಂದೇ ತೂಕ.
ಒಳಗಿನಿಂದ ಗೆನೋಲೆ ಗಾಬರಿಯಲ್ಲಿ ಕೂಗಿದ:
ಯಾರದು?

ಉತ್ತರ ಕೊಡುವ ಮುಂಚೆ
ನಾನೂ ಒಂದು ಗಳಿಗೆ
ಕಿವಿಗೊಟ್ಟು ನಿಂತೆ.